ತಂದೆಯ ಹೆಸರಿನ ಕಾಲಂ

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಬಡ ಹುಡುಗಿಯೊಬ್ಬಳು ಹತ್ತನೆಯ ತರಗತಿ ಮುಗಿಸಿ ಮುಂದೆ ಓದಬೇಕೆಂದರೆ ಅದನ್ನು ಹಣದ ಪ್ರಶ್ನೆಯೆಂದೇ ಭಾವಿಸುವುದು ವಾಡಿಕೆ. ಶುಲ್ಕ, ಪುಸ್ತಕ, ಬಸ್ ಪಾಸು ಒದಗಿಸಿದರೆ ದಾನಿಗಳ ಕರ್ತವ್ಯ ಮುಗಿಯಿತು. ದೇವದಾಸಿ ತಾಯಂದಿರ ಮಕ್ಕಳ ವಿಷಯದಲ್ಲಿ ಮಾತ್ರ ಈ ಲೆಕ್ಕ ಹೊಂದುವುದಿಲ್ಲ.

ಕಾಯಿದೆಯಿಲ್ಲದೆ ಈ ಪದ್ಧತಿ ಉಳಿದುಕೊಂಡಿತೆನ್ನುವಂತಿಲ್ಲ. ಬಳ್ಳಾರಿ ಜಿಲ್ಲೆ ಮದ್ರಾಸು ಪ್ರಾಂತ್ಯದಲ್ಲಿದ್ದಾಗಲೇ 1947ರ ನಿಷೇಧ ಶಾಸನವಿತ್ತು. 1982ರಲ್ಲಿ ಕರ್ನಾಟಕದ್ದೇ ಕಾಯಿದೆಯಾಯಿತು. ಆದರೂ 1993-94 ಮತ್ತು 2007-08ರ ಸರಕಾರಿ ಸಮೀಕ್ಷೆಗಳಲ್ಲಿ ರಾಜ್ಯದಾದ್ಯಂತ ಗುರುತಿಸಲ್ಪಟ್ಟವರು ಒಟ್ಟು 46,660 ಮಂದಿ. ಇವರಲ್ಲಿ ಬಹುಪಾಲು ಪರಿಶಿಷ್ಟ ಜಾತಿಯ ಬಡ ಹೆಂಗಸರು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿದ್ದರಿಂದ ಲಾಭ ಪಡೆದ ಗಂಡಸರನ್ನು ಎಣಿಸುವ ಸಮೀಕ್ಷೆ ನಡೆದದ್ದಿಲ್ಲ.

ಇಂತಹ ತಾಯಿಯ ಮಗಳಿಗೆ ಹದಿನಾಲ್ಕು ಹದಿನೈದು ತುಂಬುವ ಹೊತ್ತಿಗೆ ಊರಿನ ದೃಷ್ಟಿ ಬದಲಾಗುತ್ತದೆ. ಜೊತೆಯವರ ಚುಚ್ಚುಮಾತು, ಬೀದಿಯ ಗಂಡಸರ ನೋಟ, ಬೇಗನೆ ಮದುವೆ ಮಾಡಿ ಭಾರ ಇಳಿಸಿಕೊಳ್ಳುವ ಯೋಚನೆ. ಕೂಲಿ ಮಾಡಿ ಮಗಳನ್ನು ಓದಿಸಲು ಹೆಣಗುವ ತಾಯಂದಿರೂ ಇದ್ದಾರೆ. ಆದರೆ ಊರಿನ ಬಾಯಿ ಕಟ್ಟುವುದು ಅವರಿಂದಾಗದು. ಅವಳಿಗೆ ಓದು ಎಂದರೆ ಅಂಕಗಳಿಗಿಂತ ಮೊದಲು ಬೇರೊಂದು ಊರಿನ ವಿದ್ಯಾರ್ಥಿನಿಲಯ, ಒಳಗಿನಿಂದ ಚಿಲಕ ಹಾಕಬಹುದಾದ ಕೋಣೆ, ತಾಯಿಯ ಕಥೆ ಅರಿಯದ ಗೆಳತಿಯರು. ಆ ಊರಿನ ಹೊಸ್ತಿಲಲ್ಲೇ ಒಂದು ಅರ್ಜಿ ನಿಂತಿರುತ್ತದೆ: ತಂದೆಯ ಹೆಸರು. ಸೋದರಮಾವನ ಹೆಸರು ಬರೆದರೆ ಬೇರೆ ದಾಖಲೆಗಳೊಡನೆ ತಾಳೆಯಾಗದು. ಖಾಲಿ ಬಿಟ್ಟರೆ, ಯಾವುದರಿಂದ ದೂರ ಓಡಿ ಬಂದಳೋ ಅದನ್ನೇ ಸರದಿಯಲ್ಲಿ ನಿಂತವರೆಲ್ಲರ ಎದುರು ಹೇಳಬೇಕು.

2019ರಲ್ಲಿ ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ 600ಕ್ಕೆ 594 ಅಂಕ ಪಡೆದು ರಾಜ್ಯಕ್ಕೆ ಪ್ರಥಮಳಾದವಳು ಕೊಟ್ಟೂರಿನ ಇಂದು ಕಾಲೇಜಿನ ವಿದ್ಯಾರ್ಥಿನಿ. ಪಂಕ್ಚರ್ ಅಂಗಡಿಯವರ ಮಗಳು. ಇದೇ ಸೀಮೆಯ ಬಡತನವನ್ನು ಆಕೆ ಗೆದ್ದಳೆಂದು ಎಲ್ಲರೂ ಮೆಚ್ಚಿದರು. ಮೆಚ್ಚತಕ್ಕದ್ದೇ. ಆದರೆ ಆಕೆಗೆ ಬೆನ್ನಿಗೆ ನಿಂತ ತಂದೆಯಿದ್ದರು, ಅರ್ಜಿಯಲ್ಲಿ ಬರೆಯಲು ಅವರ ಹೆಸರಿತ್ತು.

2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆಯು ಇಂತಹ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ನಮೂದಿಸುವುದು ಕಡ್ಡಾಯವಲ್ಲವೆಂದು ಹೇಳಿತು. ಸರಕಾರಿ ಕಚೇರಿಗಳ ಮಾತು ಹಾಗಿರಲಿ. ದೇವಸ್ಥಾನದ ಟ್ರಸ್ಟುಗಳೂ ವಿದ್ಯಾರ್ಥಿವೇತನ ಕೊಡುತ್ತವೆ, ವಿದ್ಯಾರ್ಥಿನಿಲಯ ನಡೆಸುತ್ತವೆ. ಕಪಾಟಿನಲ್ಲಿರುವ ಹಳೆಯ ಅರ್ಜಿ ನಮೂನೆಗಳನ್ನು ಒಮ್ಮೆ ತೆಗೆದು ನೋಡಬೇಕು: ತಂದೆಯ ಹೆಸರು, ತಂದೆಯ ಉದ್ಯೋಗ, ತಂದೆಯ ರುಜು. ಮುಂದಿನ ಬಾರಿ ಅಚ್ಚಿಗೆ ಕೊಡುವಾಗ ಅಲ್ಲಿ ‘ತಾಯಿ ಅಥವಾ ಪೋಷಕರು’ ಎಂದು ಸೇರಿಸಿದರೆ ಮುದ್ರಣಾಲಯದವರು ಹೆಚ್ಚಿನ ದರವನ್ನೇನೂ ಕೇಳುವುದಿಲ್ಲ.