ಮಾಸ್ತರರ ಸಕ್ಕರೆ ಇಲ್ಲದ ಕಾಫಿ

ಡಂಬಳದಲ್ಲಿ ಚಹಾದವರೇ ಹೆಚ್ಚು. ನನ್ನ ಅಂಗಡಿಯಲ್ಲಿ ಕಾಫಿ ಕೇಳುತ್ತಿದ್ದವರು ದೊಡ್ಡಬಸಪ್ಪನ ಗುಡಿ ನೋಡಲು ಬಂದ ಪರಊರಿನವರು. ಅವರಿಗೆಂದು ಎತ್ತಿಟ್ಟ ಹಾಲು ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಒಡೆಯುತ್ತಿತ್ತು. ಅದಕ್ಕೇ ಗದಗಿನಿಂದ ಕ್ರೀಮರ್ ಪುಡಿ ತಂದೆ. ಬಿಸಿನೀರಿಗೆ ಹಾಕಿದರೆ ಹಾಲಿನದೇ ಬಣ್ಣ, ತಿಂಗಳುಗಟ್ಟಲೆ ಕೆಡುವುದಿಲ್ಲ.

ಊರವರಲ್ಲಿ ದಿನಾ ಕಾಫಿ ಕುಡಿಯುತ್ತಿದ್ದವರು ನನಗೆ ಅಕ್ಷರ ಕಲಿಸಿದ ಮಾಸ್ತರು. ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಒಂದು ಕಪ್, ಸಂಜೆ ಒಂದು.

"ಸಕ್ರಿ ಹಾಕಿಲ್ಲಲ್ಲೋ ತಮ್ಮಾ?"

"ಒಂದ್ ಕಾಳೂ ಇಲ್ರೀ ಸರ."

ಪುಡಿಯ ವಿಷಯ ಹೇಳಲಿಲ್ಲ. ಪೊಟ್ಟಣದ ಹಿಂದೆ 'ಸಕ್ಕರೆ' ಎಂಬ ಸಾಲು ನೋಡಿದ್ದೆ, ಅಂಕಿ ಸಣ್ಣದಿತ್ತು. ಅಲ್ಲಿಗೆ ಓದು ಬಿಟ್ಟೆ.

ನಾಲ್ಕು ತಿಂಗಳ ಮೇಲೆ ರಕ್ತ ತಪಾಸಣೆಯಲ್ಲಿ ಅವರ ಸಕ್ಕರೆ ಏರಿತ್ತು. ಕದ್ದು ಸಿಹಿ ತಿಂದಿದ್ದೀರಿ ಎಂದು ಮನೆಯವರು ಬೈದರಂತೆ. ಮಾಸ್ತರು ಅದನ್ನು ನನ್ನೆದುರು ಹೇಳಿದಾಗ ಎದೆ ಝಲ್ಲೆಂದಿತು. ಪುಡಿಯ ಪೊಟ್ಟಣ ತಂದು ಮುಂದಿಟ್ಟೆ. ಅವರು ಚಾಳೀಸು ಏರಿಸಿ ಸಣ್ಣಕ್ಷರಗಳನ್ನು ನಿಧಾನವಾಗಿ ಓದಿದರು.

ಮೊದಲ ಹೆಸರು ಗ್ಲೂಕೋಸ್ ಸಿರಪ್ ಪುಡಿ. ಹೆಚ್ಚು ತೂಕದ್ದನ್ನು ಮೊದಲು ಬರೆಯಬೇಕೆಂಬುದು ನಿಯಮ. ಇದು ಪಿಷ್ಟವನ್ನು ಒಡೆದು ಮಾಡಿದ್ದು. ಅದರ ಉದ್ದ ಸರಪಳಿಗಳು ನಾಲಿಗೆಗೆ ಸಿಹಿ ಎನಿಸುವುದಿಲ್ಲ, 'ಸಕ್ಕರೆ' ಸಾಲಿನ ಲೆಕ್ಕಕ್ಕೂ ಬರುವುದಿಲ್ಲ. ಹೊಟ್ಟೆಗೆ ಹೋದ ಮೇಲೆ ಮಾತ್ರ ಗ್ಲೂಕೋಸೇ. ನೋಡಬೇಕಾದದ್ದು 'ಕಾರ್ಬೋಹೈಡ್ರೇಟ್' ಸಾಲು: ನನ್ನ ಪೊಟ್ಟಣದಲ್ಲಿ 100 ಗ್ರಾಂಗೆ 60 ಗ್ರಾಂ. ಕಪ್ಪಿಗೆ ನಾನು ಹಾಕುತ್ತಿದ್ದದ್ದು 10 ಗ್ರಾಂ. ಎರಡು ಕಪ್ಪಿಗೆ 12 ಗ್ರಾಂ ಆಯಿತು, ಹೆಚ್ಚುಕಡಿಮೆ ಎರಡೂವರೆ ಚಮಚ ಸಕ್ಕರೆಯ ತೂಕ. ಏರಿಕೆಗೆ ಇದೊಂದೇ ಕಾರಣವೆಂದು ಡಾಕ್ಟರು ಹೇಳಲಿಲ್ಲ. ಆದರೆ 'ಒಂದು ಕಾಳೂ ಇಲ್ಲ' ಎಂದ ನನ್ನ ಮಾತು ಸುಳ್ಳಾಗಿತ್ತು.

ಎರಡನೆಯದು ವನಸ್ಪತಿಯಂತೆ ಗಟ್ಟಿಮಾಡಿದ ಪಾಮ್ ಎಣ್ಣೆ. ಅದರ ಸಣ್ಣ ಹನಿಗಳು ಬೆಳಕನ್ನು ಚದುರಿಸುವುದರಿಂದಲೇ ಕಾಫಿ ಬೆಳ್ಳಗೆ ಕಾಣುತ್ತದೆ. ಆ ಹನಿಗಳು ಕೂಡಿಕೊಳ್ಳದಂತೆ ತಡೆಯುವುದು ಸೋಡಿಯಂ ಕೇಸಿನೇಟ್. ಬಿಸಿ ಕಾಫಿಯ ಹುಳಿಗೆ ಅದೂ ಒಡೆಯದಿರಲೆಂದು ಡೈಪೊಟ್ಯಾಸಿಯಂ ಫಾಸ್ಫೇಟ್. ಕೇಸಿನೇಟ್ ಎಂದರೆ ಹಾಲಿನದೇ ಪ್ರೋಟೀನು. ಹಾಲಿನದಲ್ಲ ಎಂದು ಮಾರುವ ಪುಡಿಯಲ್ಲೂ ಅದು ಇರಬಹುದು. ಹಾಲು ಅಲರ್ಜಿ ಇರುವ ಮಗುವಿಗೆ ನಂಬಿ ಕೊಟ್ಟರೆ ಅಪಾಯ. ಅಂಥ ಮಗು ನನ್ನ ಅಂಗಡಿಗೆ ಬಂದಿತ್ತೋ ಏನೋ, ನಾನು ಯಾರನ್ನೂ ಕೇಳಿರಲಿಲ್ಲ.

ಮಾಸ್ತರು ಬೈಯಲಿಲ್ಲ. "ಮನ್ಯಾಗ ನೀನೇ ಬಂದು ಹೇಳಪಾ" ಎಂದರು. ಹೋಗಿ ಅವರ ಮನೆಯವರ ಮುಂದೆ ಒಪ್ಪಿಕೊಂಡೆ. ಮಾಸ್ತರಿಗೆ ಬಂದ ಬೈಗುಳ ನನಗೆ ಸೇರಬೇಕಾದದ್ದು.

ಈಗ ಹಾಲಿದ್ದರೆ ಕಾಫಿ, ಮುಗಿದರೆ ಇಲ್ಲ. ಸಕ್ಕರೆ ಕಾಯಿಲೆ ಇದ್ದವರು ದಯವಿಟ್ಟು ಯಾವ ಅಂಗಡಿಯಲ್ಲಾದರೂ ಸಕ್ಕರೆ ಬೇಡ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಹಾಲು ಹಾಕುತ್ತೀರೋ ಪುಡಿಯೋ ಎಂದೂ ಕೇಳಿ.