ಚಿಂಚೋಳಿಗೊಂದು ಚುಕ್ಕಿಗೆರೆ

ಇಲ್ಲದ ರೈಲಿಗೆ ನಕ್ಷೆ ಬರೆಯುವುದು ಖರ್ಚಿಲ್ಲದ ಹುಚ್ಚು. ಪೆನ್ಸಿಲ್, ಸ್ಕೇಲು, ನಾಲ್ಕು ಬಣ್ಣ ಸಾಕು. ನಿಯಮ ಮಾತ್ರ ಹ್ಯಾರಿ ಬೆಕ್ ಅವರದು: 1933ರಲ್ಲಿ ಅಚ್ಚಾದ ಅವರ ಲಂಡನ್ ಸುರಂಗ ರೈಲಿನ ನಕ್ಷೆಯಲ್ಲಿ ಗೆರೆ ಅಡ್ಡ, ಉದ್ದ, ಇಲ್ಲವೇ 45 ಡಿಗ್ರಿ ಓರೆ. ದೂರದ ಲೆಕ್ಕ ಕೇಳಬಾರದು.

ಅದನ್ನೇ ನಮ್ಮ ಕಡೆ ಹಚ್ಚಿ ನೋಡಿದೆ. ಕಲಬುರಗಿಯಿಂದ ಶಹಾಬಾದ್ ಹಾದು ಓರೆಯಾಗಿ ಇಳಿದರೆ ವಾಡಿ ಜಂಕ್ಷನ್. ಅಲ್ಲಿಂದ ಮತ್ತೆ ಓರೆಯಾಗಿ ಏರಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ. ಇದು ನಿಜಾಮರ ಕಾಲದಲ್ಲಿ, 1874ರಲ್ಲಿ ಸಿಕಂದರಾಬಾದ್ ಮುಟ್ಟಿದ ಹಳಿ.

ಚಿಂಚೋಳಿ ಮಾತ್ರ ಹಾಳೆಯ ಮೇಲ್ಭಾಗದಲ್ಲಿ ಒಂಟಿ. ಅಲ್ಲಿನ ಮಂದಿ ರೈಲು ಹತ್ತಬೇಕೆಂದರೆ ಮೊದಲು ಬಸ್ಸು ಹತ್ತಬೇಕು, ಸೇಡಂಗೋ ಗಡಿಯಾಚೆಯ ತಾಂಡೂರಿಗೋ. ಸೇಡಂನಿಂದ ನೆಟ್ಟಗೆ ಮೇಲಕ್ಕೊಂದು ಕೆಂಪು ಚುಕ್ಕಿಗೆರೆ ಎಳೆದೆ. ಚಿಂಚೋಳಿ ದಾಟಿ ಎಡಕ್ಕೆ ಓರೆಯಾದರೆ ಹುಮನಾಬಾದ್. ಅಲ್ಲಿ 2017ರಿಂದಲೇ ಬೀದರ್–ಕಲಬುರಗಿ ರೈಲು ಇದೆ. ಒಂದೇ ಗೆರೆ ಎಳೆದದ್ದೇ ತಡ, ಕಲಬುರಗಿಯಿಂದ ಹೊರಟು ಕಲಬುರಗಿಗೇ ಬಂದಿಳಿಯುವ ಸುತ್ತುದಾರಿ ತಯಾರು!

ಕಾಗಿಣಾ ಹೊಳೆ, ಕಲ್ಲಿನ ಗಣಿ, ತೊಗರಿ ಹೊಲ, ಚಿಂಚೋಳಿಯ ಕಾಡು, ಇವೆಲ್ಲ ನೆಲದ ಮೇಲೆ ಅಡ್ಡ ಬರುತ್ತವೆ, ಗೊತ್ತು. ಆದರೆ ಯಾವ ಊರನ್ನು ಹಳಿ ಮರೆತಿದೆ ಅನ್ನುವುದು ಇಂಥ ಹುಸಿ ನಕ್ಷೆಯಲ್ಲೇ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಆ ಚುಕ್ಕಿಗೆರೆಯ ಮೇಲೆ ಸುಲೇಪೇಟಕ್ಕೂ ಒಂದು ನಿಲ್ದಾಣ ಕೊಟ್ಟೀನಿ. ನಿಮ್ಮೂರು ಬಿಟ್ಟಿದ್ದರೆ ಹೇಳ್ರಿ, ಚುಕ್ಕಿ ಇಡಲಿಕ್ಕೆ ಯಾರ ಮಂಜೂರಾತಿಯೂ ಬೇಡ.