ಚೀಟಿ ಇಲ್ಲದ ಕಲ್ಲುಗಳು

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡ್ತೀನಿ.

ತೀರ್ಥಹಳ್ಳಿಯ ಮನೆ ಖಾಲಿ ಮಾಡಿ ಅಪ್ಪ-ಅಮ್ಮನನ್ನು ಬೆಂಗಳೂರಿನ ನನ್ನ ಫ್ಲಾಟಿಗೆ ಕರ್ಕೊಂಡು ಬರೋದು ಅಂತ ತೀರ್ಮಾನ ಆಗಿತ್ತು. ಅಪ್ಪನ ಮಂಡಿ ನೋವು, ಅಮ್ಮನ ಬಿ.ಪಿ., ಮಳೆಗಾಲದಲ್ಲಿ ವಾರಗಟ್ಟಲೆ ಇರದ ಕರೆಂಟು, ಹೀಗೆ ಕಾರಣಗಳು ಹತ್ತಾರು. ನಾನು ಒಂದು ವಾರ ರಜೆ ಹಾಕಿ, ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಶೀಟ್ ಮಾಡ್ಕೊಂಡು ಊರಿಗೆ ಹೋದೆ. ಒಯ್ಯೋದು, ಕೊಡೋದು, ಎಸೆಯೋದು ಅಂತ ಮೂರು ಕಾಲಂ.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹೋದಲ್ಲೆಲ್ಲ ಒಂದೆರಡು ಕಲ್ಲು ಜೇಬಿಗೆ ಹಾಕ್ಕೊಂಡು ಬರೋದು ಅವರ ಅಭ್ಯಾಸ. ಒಂದೊಂದು ಕಲ್ಲಿಗೂ ಒಂದು ಬೆಂಕಿಪೊಟ್ಟಣ, ಪೊಟ್ಟಣದ ಮೇಲೆ ಅಂಟಿಸಿದ ಚೀಟಿ. ಹೀಗೆ 62 ಪೊಟ್ಟಣ ಎರಡು ಕಪಾಟು ತುಂಬಿದ್ದವು. ನಾನು ಜಾಗ ಉಳಿಸಬೇಕು ಅಂತ ಕಲ್ಲುಗಳನ್ನೆಲ್ಲ ಒಂದು ದೊಡ್ಡ ಹಾರ್ಲಿಕ್ಸ್ ಬಾಟಲಿಗೆ ಸುರಿದು, ಖಾಲಿ ಪೊಟ್ಟಣಗಳನ್ನು ಬಚ್ಚಲೊಲೆಗೆ ಹಾಕಿದೆ. ಚೆನ್ನಾಗಿ ಉರಿದವು. ಆ ದಿನ ಸ್ನಾನದ ನೀರು ಬೇಗ ಕಾಯ್ತು.

ಸಂಜೆ ಅಪ್ಪ ಬಾಟಲಿ ನೋಡಿ, "ಚೀಟಿ ಎಲ್ಲಿ ಪುಟ್ಟಿ?" ಅಂತ ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ. ಪೇಪರ್ ಹಾಸಿ, ಬಾಟಲಿ ಬಗ್ಗಿಸಿ, ಒಂದೊಂದೇ ಕಲ್ಲು ಕೈಗೆತ್ತಿಕೊಂಡು ನೆನಪು ಮಾಡ್ಕೊಳ್ತಾ ಕೂತರು. ರಾತ್ರಿ ಹತ್ತೂವರೆಗೆ 41 ಕಲ್ಲಿನ ಊರು ಸಿಕ್ಕಿತ್ತು. ಉಳಿದ 21ನ್ನು ವಾಪಸ್ ಬಾಟಲಿಗೆ ಹಾಕಿ, "ಇವು ಇನ್ನು ಬರೀ ಕಲ್ಲು" ಅಂದರು. ಬೈದಿದ್ದರೇ ವಾಸಿ ಇತ್ತು.

ದಿನವಿಡೀ ಡೇಟಾಬೇಸ್ ಜೊತೆ ಗುದ್ದಾಡೋಳು ನಾನು. ಬ್ಯಾಕಪ್ ಇಲ್ಲದೆ ಏನನ್ನೂ ಡಿಲೀಟ್ ಮಾಡಬೇಡಿ ಅಂತ ಜೂನಿಯರ್‌ಗಳಿಗೆ ಪಾಠ ಹೇಳೋಳು. ಮನೆಯಲ್ಲಿ ನಾನೇ ಮೂವತ್ತು ವರ್ಷದ ದಾಖಲೆ ಸುಟ್ಟು ನೀರು ಕಾಯಿಸಿದ್ದೆ.

ಲಾರಿ ಬರೋಕೆ ಇನ್ನೂ ನಾಲ್ಕು ದಿನ ಇತ್ತು. "ಯಾವ ಕಲ್ಲು ಹೋಯ್ತು ಅಂತ ನೆನಪಿದೆಯಾ?" ಅಂತ ಕೇಳಿದೆ. "ಮಲ್ಪೆ, ಕಾಪು ಕಡೆಯವೇ ಜಾಸ್ತಿ. ಸಮುದ್ರ ಉಜ್ಜಿದ ಕಲ್ಲು ಎಲ್ಲ ಒಂದೇ ಥರ ಕಾಣ್ತವೆ" ಅಂದರು. "ಹಾಗಾದ್ರೆ ನಾಳೆ ಹೋಗಿ ಬರೋಣ." ಅಮ್ಮ ಒಳಗಿಂದಲೇ, "ಇರೋ ಕಲ್ಲು ಸಾಗಿಸೋಕೇ ಜನ ಇಲ್ಲ, ಇನ್ನಷ್ಟು ತರ್ತಾರಂತೆ" ಅಂದಳು. ಆದರೂ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕಾಫಿ ಮಾಡಿ, ಫ್ಲಾಸ್ಕಿಗೂ ತುಂಬಿ ಕೊಟ್ಟಳು.

ತೀರ್ಥಹಳ್ಳಿಯಿಂದ ಮಲ್ಪೆ ನೂರು ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ. ಆಗುಂಬೆಯ ಹದಿನಾಲ್ಕು ತಿರುವು ಇಳಿದರೆ ಸೋಮೇಶ್ವರ, ಹೆಬ್ರಿ, ಆಮೇಲೆ ಉಡುಪಿ. ತಿರುವುಗಳಲ್ಲಿ ಅಪ್ಪ ಮಂಡಿ ಹಿಡ್ಕೊಂಡು ಕೂತಿದ್ದರೂ ಬಾಯಿ ಮಾತ್ರ ಸುಮ್ಮನಿರಲಿಲ್ಲ. ಒಂದು ಕಾಲಕ್ಕೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡೇ ಇತ್ತು; ಅದು ಬಿಟ್ಟು ಹೋದ ಅಂಚು ಸವೆದು ಹಿಂದೆ ಸರಿದು ಈ ಘಟ್ಟದ ಗೋಡೆ ಆಯ್ತು ಅಂತ ಭೂವಿಜ್ಞಾನಿಗಳು ಹೇಳ್ತಾರಂತೆ. ಸ್ಟೇರಿಂಗ್ ತಿರುಗಿಸೋದರಲ್ಲೇ ಮುಳುಗಿದ್ದ ನಾನು "ಹೂಂ" ಅಂದೆ.

ಉಡುಪಿಯಲ್ಲಿ ಬನ್ಸ್ ತಿಂದು, ಹತ್ತು ಗಂಟೆ ಹೊತ್ತಿಗೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ಬೋಟ್ ಹತ್ತಿದೆವು. "ಅಜ್ಜರನ್ನು ಮಧ್ಯದಲ್ಲಿ ಕೂರಿಸಿ ಮಾರಾಯ್ರೆ, ಬದಿಯಲ್ಲಿ ನೀರು ಹಾರ್ತದೆ" ಅಂದ ಬೋಟಿನ ಹುಡುಗ. ಅಜ್ಜರು ಅನ್ನಿಸಿಕೊಂಡದ್ದಕ್ಕೆ ಅಪ್ಪನ ಮುಖ ಸ್ವಲ್ಪ ಸಣ್ಣಗಾಯ್ತು. ಅರ್ಧ ಗಂಟೆಯೊಳಗೆ ತೆಂಗಿನ ಮರಗಳ ಸಾಲು, ಅದರ ಬುಡದಲ್ಲಿ ಕರಿಕಂಬಗಳ ರಾಶಿ ಕಂಡಿತು.

ಫೋಟೋದಲ್ಲಿ ನೀವೂ ನೋಡಿರ್ತೀರಿ. ಯಾರೋ ಅಳತೆ ಮಾಡಿ ಕಡೆದು ಜೋಡಿಸಿದ ಹಾಗೆ ಕಂಬಗಳು, ಎತ್ತರದವು ಸುಮಾರು 6 ಮೀಟರ್. ಹೆಚ್ಚಿನವಕ್ಕೆ ಆರು ಮುಖ, ಕೆಲವಕ್ಕೆ ಐದು, ಏಳು. "ಬೇಸಿಗೆಯಲ್ಲಿ ಕೆರೆ ಒಣಗಿದಾಗ ಕೆಸರು ಬಿರುಕು ಬಿಡೋದು ನೋಡಿದ್ದೀಯಲ್ಲ? ಇದೂ ಹಾಗೇ" ಅಂದರು ಅಪ್ಪ. ಕೆಸರು ನೀರು ಕಳ್ಕೊಂಡು ಕುಗ್ಗುತ್ತೆ, ಲಾವಾ ಬಿಸಿ ಕಳ್ಕೊಂಡು ಕುಗ್ಗುತ್ತೆ. ಕುಗ್ಗಿದಾಗ ಎಳೆತ ತಾಳದೆ ಮೇಲ್ಮೈ ಬಿರಿಯುತ್ತೆ. ಒಳಗಿನ ಲಾವಾ ತಣ್ಣಗಾದ ಹಾಗೆ ಬಿರುಕೂ ಆಳಕ್ಕೆ ಇಳಿದು ಕಂಬವಾಗುತ್ತೆ. ಜನ ಬಸಾಲ್ಟ್ ಅಂತಲೇ ಕರೆದರೂ ಇದರಲ್ಲಿ ಸಿಲಿಕಾ ಜಾಸ್ತಿ, ಹಾಗಾಗಿ ಭೂವಿಜ್ಞಾನಿಗಳು ರಯೋಲೈಟ್, ಡೇಸೈಟ್ ಗುಂಪಿಗೆ ಸೇರಿಸ್ತಾರೆ. ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ. ಉತ್ತರ ಕರ್ನಾಟಕದ ಕಪ್ಪು ಮಣ್ಣಿಗೆ ಕಾರಣವಾದ ದಖ್ಖನ್ ಲಾವಾಕ್ಕೆ ಸುಮಾರು 6.6 ಕೋಟಿ, ಇದು ಅದಕ್ಕಿಂತ ಹಿರಿಯದು. ಇದೇ ಕಾಲದ ಜ್ವಾಲಾಮುಖಿ ಕಲ್ಲು ಮಡಗಾಸ್ಕರಿನಲ್ಲೂ ಇದೆ. ಘಟ್ಟ ಇಳಿಯುವಾಗ ಅಪ್ಪ ಹೇಳಿದ್ದು ಆಗ ತಲೆಗೆ ಹೋಯ್ತು. ಎರಡು ನೆಲ ಬೇರೆಯಾದ ಹೊತ್ತಿನ ಗುರುತಿನ ಮೇಲೆ ನಿಂತು ಜನ ಸೆಲ್ಫಿ ತಗೊಳ್ತಿದ್ದರು. ನಾನೂ ತಗೊಂಡೆ.

ದಂಡೆಯಲ್ಲಿ ಮರಳಿಗಿಂತ ಕಪ್ಪೆಚಿಪ್ಪೇ ಜಾಸ್ತಿ. ಅದರ ನಡುವೆ ಅಂಗೈಯಗಲದ ಒಂದು ಕರಿ ಚೂರು ಸಿಕ್ಕಿತು, ಎರಡು ಮುಖಗಳ ಕೋನ ಸ್ಪಷ್ಟವಾಗಿ ಉಳಿದಿತ್ತು. ಯಾರೂ ನೋಡ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು ಬ್ಯಾಗಿನ ಜಿಪ್ ತೆಗೆದೆ.

"ಇಡು ಪುಟ್ಟಿ." ಅಪ್ಪ ಹಿಂದೆಯೇ ಇದ್ದರು.

"ಬಿದ್ದಿದ್ದು ಅಪ್ಪಾ, ಒಡೆದಿದ್ದಲ್ಲ. ನಿಮಗೋಸ್ಕರಾನೇ."

"ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ದಿನಾ ಬರೋರೆಲ್ಲ ಒಂದೊಂದು ಚೂರು ಒಯ್ದರೆ ಎಷ್ಟು ದಿನ ಉಳಿಯುತ್ತೆ? ಇಷ್ಟು ಸಲ ಬಂದಿದ್ದೀನಿ, ಇಲ್ಲಿಂದ ಒಂದೂ ತಂದಿಲ್ಲ. ಮತ್ತೆ, ಇದನ್ನ ಇಲ್ಲಿಂದ ಎತ್ತಿದ ಮೇಲೆ ಇದಕ್ಕೆ ಏನರ್ಥ ಉಳೀತು? ಪಕ್ಕದ ಕಂಬ ನೋಡಿದ್ರೇ ತಾನೇ ಇದು ಎಂತದು ಅಂತ ಗೊತ್ತಾಗೋದು."

ಸಿಕ್ಕಲ್ಲೇ ಇಟ್ಟೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ನಾನೇ ಕೇಳಿದೆ, "ಬೆಂಗಳೂರಿಗೆ ಬರೋಕೆ ನಿಮಗೆ ಮನಸ್ಸಿಲ್ವಾ?"

ಅವರು ಚಪ್ಪಲಿಯೊಳಗೆ ಸೇರಿದ್ದ ಚಿಪ್ಪಿನ ಪುಡಿ ಕೊಡವಿದರು. "ಮನಸ್ಸು ಅಂತಲ್ಲ. ತೀರ್ಥಹಳ್ಳೀಲಿ ಬಸ್‌ಸ್ಟ್ಯಾಂಡಿಗೆ ಹೋದ್ರೆ ನಾಲ್ಕು ಜನ ಮೇಷ್ಟ್ರೇ ಅಂತಾರೆ. ಅಲ್ಲಿ ನಾನು ಯಾರು, ಮೂರನೇ ಮಹಡಿ ಅಂಕಲ್. ಇರಲಿ ಬಿಡು, ಅಭ್ಯಾಸ ಆಗುತ್ತೆ." ನನ್ನ ಹತ್ತಿರ ಉತ್ತರ ಇರಲಿಲ್ಲ. ಎಕ್ಸೆಲ್ ಶೀಟಿನಲ್ಲಿ ಅದಕ್ಕೊಂದು ಕಾಲಂ ಹಾಕಬೇಕು ಅಂತ ನನಗೆ ಹೊಳೆದಿರಲೇ ಇಲ್ಲ.

ಊಟ ಮುಗಿಸಿ ಕಾಪು ತಲುಪಿದಾಗ ಮೂರೂವರೆ. ಇಲ್ಲಿನ ದೀಪಸ್ತಂಭ 1901ರದ್ದು, ಸಮುದ್ರದ ಅಂಚಿನ ಬಂಡೆಯ ಮೇಲೆ ನಿಂತಿದೆ. ಅಪ್ಪನಿಗೆ ಮಂಡಿ ನೋವು ಮರೆತೇ ಹೋಯ್ತು. ಹಳೇ ಸ್ಪೀಕರಿನಿಂದ ಕಿತ್ತ ಆಯಸ್ಕಾಂತ ಜೇಬಿನಿಂದ ತೆಗೆದು, ಮರಳಿನ ಮೇಲಿದ್ದ ಕಪ್ಪು ಗೆರೆಯ ಮೇಲೆ ಆಡಿಸಿದರು. ಕರಿ ಹರಳುಗಳು ಗಡ್ಡದ ಹಾಗೆ ಅಂಟಿಕೊಂಡವು. ಮ್ಯಾಗ್ನೆಟೈಟ್ ಅಂತೆ, ಕಬ್ಬಿಣದ ಅದಿರಿನ ಪುಡಿ. ಅಲ್ಲೇ ಆಡ್ತಿದ್ದ ಮೂರು ಹುಡುಗರು ಓಡಿ ಬಂದರು. ಹತ್ತು ನಿಮಿಷದಲ್ಲಿ ಅಲ್ಲೊಂದು ಕ್ಲಾಸ್ ಶುರು. "ಬಿಳೀದು ಬೆಣಚುಕಲ್ಲು. ಪಟ್ಟೆ ಪಟ್ಟೆ ಇರೋದು ನೈಸ್. ಹೆಸರೇ ನೈಸ್, ನೋಡೋಕೂ ನೈಸ್." ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ ಜೋಕ್. ಹುಡುಗರು ಬಿದ್ದು ಬಿದ್ದು ನಕ್ಕರು. "ಪುನಃ ಯಾವಾಗ ಬರ್ತೀರಿ ಸರ್?" ಅಂತ ಒಬ್ಬ ಕೇಳಿದ. ಅಪ್ಪ ನನ್ನ ಮುಖ ನೋಡಿದರು. "ಡಿಸೆಂಬರಿಗೆ" ಅಂದೆ.

ಅಪ್ಪನ ನಿಯಮದ ಪ್ರಕಾರ ಒಂದು ಜಾಗದಿಂದ ಮೂರೇ ಕಲ್ಲು, ಅದೂ ಬೆಂಕಿಪೊಟ್ಟಣದಲ್ಲಿ ಹಿಡಿಯುವಷ್ಟು. ಒಂದು ಬೆಣಚು, ಒಂದು ನೈಸ್, ಸಮುದ್ರ ಉಜ್ಜಿ ಗೋಲಿ ಮಾಡಿದ ಒಂದು ಕೆಂಪು ಮುರಕಲ್ಲಿನ ಚೂರು ಆರಿಸಿದೆವು. ಈ ಮುರಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಫ್ರಾನ್ಸಿಸ್ ಬುಕಾನನ್. ಕೇರಳದ ಅಂಗಾಡಿಪುರದಲ್ಲಿ ಜನ ಇದನ್ನು ಇಟ್ಟಿಗೆ ಥರ ಕಡಿದು ಮನೆ ಕಟ್ಟೋದನ್ನ ನೋಡಿ, ಇಟ್ಟಿಗೆಯ ಲ್ಯಾಟಿನ್ ಪದದಿಂದ ಹೆಸರು ಮಾಡಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಬರೆದ.

ಗೂಡಂಗಡಿಯಲ್ಲಿ ಮೂರು ಬೆಂಕಿಪೊಟ್ಟಣ ತಗೊಂಡು, ಕಡ್ಡಿ ಅಂಗಡಿಯವರಿಗೇ ವಾಪಸ್ ಕೊಟ್ಟೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಸೂರ್ಯ ಮುಳುಗೋ ಹೊತ್ತಿಗೆ ಕಾರಿನ ಬಾನೆಟ್ ಮೇಲೆ ಚೀಟಿ ಇಟ್ಟು ನಾನು ಬರೆದೆ, ಅಪ್ಪ ಹೇಳಿದರು: ಊರು, ದೀಪಸ್ತಂಭದಿಂದ ಯಾವ ದಿಕ್ಕು, ಎಷ್ಟು ಹೆಜ್ಜೆ, ಇಳಿತವೋ ಭರತವೋ, ತಾರೀಖು. ಕೊನೆಗೆ, "ಯಾರ್ಯಾರು ಇದ್ರು ಅಂತಾನೂ ಹಾಕು" ಅಂದರು. ಹಳೇ ಚೀಟಿಗಳಲ್ಲಿ ಅದು ಇರುತ್ತಿರಲಿಲ್ಲ.

ಹೋಗೋರಿಗೆ ಎರಡು ಮಾತು. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟ್ ಇಲ್ಲ. ಬಂಡೆಗಳು ಜಾರುತ್ತವೆ, ಗಟ್ಟಿ ಚಪ್ಪಲಿ ಹಾಕ್ಕೊಳ್ಳಿ. ದ್ವೀಪದಿಂದ ಕಲ್ಲು ತರಬೇಡಿ, ನನ್ನ ಹಾಗೆ ಸಿಕ್ಕಿಬೀಳ್ತೀರಿ.

ಈಗ ಅಪ್ಪ-ಅಮ್ಮ ಬೆಂಗಳೂರಿಗೆ ಬಂದು ಎರಡು ತಿಂಗಳು. 41 ಕಲ್ಲಿಗೆ ಹೊಸ ಚೀಟಿ ಆಗಿದೆ, ಎಲ್ಲದರ ಫೋಟೋ ಮೂರು ಕಡೆ ಬ್ಯಾಕಪ್ ಇದೆ. ಆ 21 ಕಲ್ಲು ಮಾತ್ರ ಹಾರ್ಲಿಕ್ಸ್ ಬಾಟಲಿಯಲ್ಲೇ ಟಿ.ವಿ. ಪಕ್ಕ ಕೂತಿವೆ. ಅಮ್ಮ ಎಸೆಯೋಣ ಅಂದಾಗೆಲ್ಲ ಬೇಡ ಅನ್ನೋಳು ನಾನೇ.

ಬಂದ ಮೊದಲ ಭಾನುವಾರ ಅಪ್ಪನನ್ನು ಲಾಲ್‌ಬಾಗಿಗೆ ಕರ್ಕೊಂಡು ಹೋಗಿದ್ದೆ. ಕೆಂಪೇಗೌಡ ಗೋಪುರ ಇರುವ ಬಂಡೆಯೂ ನೈಸ್ ಕಲ್ಲೇ, ಸುಮಾರು 300 ಕೋಟಿ ವರ್ಷ ಹಳೆಯದು. ಅದೂ ಭೂವೈಜ್ಞಾನಿಕ ಸ್ಮಾರಕ. ಅಪ್ಪ ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಸುಮಾರು ಹೊತ್ತು ಅದರ ಮೇಲೆ ಓಡಾಡಿದರು. ಆಮೇಲೆ ಫಲಕ ಓದಿ, "ಇದಕ್ಕೆ ಚೀಟಿ ಸರ್ಕಾರದೋರೇ ಬರ್ದಿದಾರೆ. ನೀನು ಒಲೆಗೆ ಹಾಕೋಕಾಗಲ್ಲ" ಅಂದರು.

ಆ ವಿಷಯಕ್ಕೆ ಅವರು ನಕ್ಕಿದ್ದು ಅದೇ ಮೊದಲು. ಈಗ ಪ್ರತಿ ಭಾನುವಾರ ಹೋಗ್ತಾರೆ, ಒಬ್ಬರೇ, ಮೆಟ್ರೋ ಹತ್ತಿ.